ಪಾಠ ಮಾಡದ ಹೊತ್ತಿನ ಪಾಠ

ಪುಟ್ಟಿ, ಸೋಮವಾರದಿಂದ ಮೂರನೇ ಕ್ಲಾಸಿನ ಮಕ್ಕಳು ನಿನ್ನ ಕೈಗೆ ಬರುತ್ತಾರೆ. ಪಾಠಯೋಜನೆ, ಕಲಿಕೋಪಕರಣ ಎಲ್ಲ ಸಿದ್ಧ ಅಂದೆ, ಸಂತೋಷ. ಜೊತೆಗೆ ಈ ದೊಡ್ಡಮ್ಮನ ಮಾತೂ ಮನಸ್ಸಿನಲ್ಲಿರಲಿ: ನೀನು ಪಾಠ ಮಾಡದಿರುವ ಹೊತ್ತಿನಲ್ಲೂ ಅವರು ನಿನ್ನಿಂದ ಕಲಿಯುತ್ತಲೇ ಇರುತ್ತಾರೆ.

ಆಲ್ಬರ್ಟ್ ಬಂಡೂರಾ ಅವರ ಬೊಂಬೆ ಪ್ರಯೋಗವನ್ನು ಡಿ.ಎಡ್.ನಲ್ಲಿ ಓದಿದ್ದೀಯಲ್ಲ. ಗಾಳಿ ತುಂಬಿದ ಬೊಂಬೆಯನ್ನು ದೊಡ್ಡವರು ಗುದ್ದಿ, ಒದ್ದು, ಬೈದದ್ದನ್ನು ಕಂಡ ಸ್ಟ್ಯಾನ್‌ಫರ್ಡಿನ ಶಿಶುವಿಹಾರದ ಮಕ್ಕಳು ತಾವೂ ಹಾಗೇ ಮಾಡಿದವು. ಅದು 1961ರದು, ಪರೀಕ್ಷೆಗೆ ಅಷ್ಟು ಸಾಕು. ಕ್ಲಾಸಿಗೆ ಕಾಲಿಡುವವಳಿಗೆ ಬೇಕಾದದ್ದು 1965ರದು.

ಆ ಸಲ ಮಕ್ಕಳಿಗೆ ತೋರಿಸಿದ್ದು ಚಲನಚಿತ್ರ. ಬೊಂಬೆಗೆ ಹೊಡೆದವನಿಗೆ ಕೆಲವರು ನೋಡಿದ ಚಿತ್ರದಲ್ಲಿ ಬಹುಮಾನ, ಕೆಲವರು ನೋಡಿದ್ದರಲ್ಲಿ ಶಿಕ್ಷೆ, ಉಳಿದವರದರಲ್ಲಿ ಏನೂ ಇಲ್ಲ. ಶಿಕ್ಷೆ ನೋಡಿದ ಮಕ್ಕಳು ಕಡಿಮೆ ಅನುಕರಿಸಿದವು. ಶಿಕ್ಷೆಯ ಭಯ ಕೆಲಸ ಮಾಡಿತು ಅಂತ ಅಲ್ಲಿಗೇ ನಿಲ್ಲಿಸಬಹುದಿತ್ತು. ಬಂಡೂರಾ ನಿಲ್ಲಿಸಲಿಲ್ಲ. ನೋಡಿದ್ದನ್ನು ಮಾಡಿ ತೋರಿಸಿದರೆ ಹಣ್ಣಿನ ರಸ, ಅಂಟಿಸುವ ಚಿತ್ರ ಕೊಡುತ್ತೇವೆ ಅಂದರು. ಆಗ ಮೂರೂ ಗುಂಪಿನ ಮಕ್ಕಳು ಹೆಚ್ಚುಕಡಿಮೆ ಒಂದೇ ಸಮ ಮಾಡಿ ತೋರಿಸಿದವು! ಸುಮ್ಮನಿದ್ದ ಮಕ್ಕಳೂ ಎಲ್ಲವನ್ನೂ ಕಲಿತಿದ್ದವು.

ಇದನ್ನು ಓದಿದ ಮೇಲೆ ಬೆತ್ತ ಹಿಡಿದ ಕೈ ನೋಡಿದರೆ ನನಗೆ ಸಂಕಟವಾಗುತ್ತದೆ. ಹೊಡೆದಾಡಿದ ಹುಡುಗನಿಗೆ ನೀನು ಎರಡೇಟು ಕೊಟ್ಟರೆ ಅವನು ನಿನ್ನೆದುರು ಸುಮ್ಮನಾಗುತ್ತಾನೆ. ಜೋರಿದ್ದವರು ಹೊಡೆಯಬಹುದು ಅನ್ನುವುದನ್ನು ಮಾತ್ರ ಇಡೀ ಕ್ಲಾಸು ನೋಡಿ ಇಟ್ಟುಕೊಂಡಿರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, ಅದು ನಿನಗೆ ಗೊತ್ತು. ಕಾಯ್ದೆ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ನೋಡಿ ಕಲಿಯುವುದರ ಒಳ್ಳೆಯ ಮುಖವೂ ಇದೆ, ನಿನಗೆ ದಿನವೂ ಒದಗುವುದು ಅದೇ. 1985ರಲ್ಲಿ ಶಂಕ್ ಮತ್ತು ಹ್ಯಾನ್ಸನ್ ಅನ್ನುವ ಸಂಶೋಧಕರು ಕಳೆಯುವ ಲೆಕ್ಕದಲ್ಲಿ ಹಿಂದುಳಿದ ಮಕ್ಕಳಿಗೆ ವಿಡಿಯೊ ತೋರಿಸಿದರು. ಟೀಚರ್ ಬಿಡಿಸುವುದನ್ನು ನೋಡಿದವರಿಗಿಂತ ತಮ್ಮಂಥದೇ ಮಗು ಬಿಡಿಸುವುದನ್ನು ನೋಡಿದವರಿಗೆ ತಮ್ಮ ಮೇಲೆ ಭರವಸೆಯೂ ಹೆಚ್ಚಿತು, ಲೆಕ್ಕವೂ ಚೆನ್ನಾಗಿ ಬಂತು. ಎರಡು ವರ್ಷದ ನಂತರ ಭಿನ್ನರಾಶಿಯಲ್ಲಿ ಇನ್ನೊಂದು ಕಂಡರು: ಮಕ್ಕಳು ಒಬ್ಬನನ್ನೇ ನೋಡಿದಾಗ, ಸಲೀಸಾಗಿ ಬಿಡಿಸಿದವನಿಗಿಂತ ಮೊದಲು ತಡವರಿಸಿ ಆಮೇಲೆ ದಾರಿ ಹಿಡಿದವನೇ ಹೆಚ್ಚು ನೆರವಾದ. ಇವನಿಗೆ ಬಂದರೆ ನನಗೂ ಬರುತ್ತದೆ ಅನ್ನಿಸುವುದು ಸಣ್ಣ ಬಲವಲ್ಲ.

ಹಾಗಂತ ನೋಡಿದ್ದೆಲ್ಲ ಕೈಗೆ ಬಂದುಬಿಡುವುದಿಲ್ಲ. ಗಮನ, ನೆನಪು, ಮಾಡುವ ಶಕ್ತಿ, ಮಾಡುವ ಮನಸ್ಸು ನಾಲ್ಕೂ ಕೂಡಬೇಕು ಅಂತ ಬಂಡೂರಾ ಅವರೇ ಹೇಳಿದ್ದಾರೆ. ಮೊದಲೆರಡರ ಕಡೆ ನಾವು ಟೀಚರುಗಳು ಸಾಕಷ್ಟು ಬೆವರು ಸುರಿಸುತ್ತೇವೆ, ಕೊನೆಯದನ್ನು ಮರೆಯುತ್ತೇವೆ.

ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಬಂದಾಗ ಬೋರ್ಡಿಗೆ ಯಾವಾಗಲೂ ಜಾಣೆಯನ್ನೇ ಕರೆಯಬೇಡಮ್ಮ. ನಿನ್ನೆ ತಪ್ಪಿ ಇವತ್ತು ಸರಿ ಮಾಡಿದವನನ್ನು ಕರೆ. ಎಲ್ಲಿ ಸಿಕ್ಕಿಹಾಕಿಕೊಂಡಿದ್ದೆ, ಹೇಗೆ ಬಿಡಿಸಿಕೊಂಡೆ ಅಂತ ಅವನ ಬಾಯಿಂದಲೇ ಹೇಳಿಸು. ಆಮೇಲೆ ಉಳಿದವರ ಕೈಗೆ ಕೂಡಲೇ ಸ್ಲೇಟು ಕೊಡು.