ಮೊದಲ ವರ್ಷ ರಷ್ಯನ್‌ಗೆ ಕೊಡಿ

ಆಗಸ್ಟ್ ಬಂತೆಂದರೆ ರಷ್ಯಾದಲ್ಲಿರುವ ನಮ್ಮ ಕನ್ನಡಿಗರ ಕೂಟದಲ್ಲಿ ಒಂದೇ ಪ್ರಶ್ನೆ: "ಮಗನಿಗೆ ಸೀಟು ಸಿಕ್ಕಿದೆ, ಪೂರ್ತಿ ಇಂಗ್ಲಿಷ್ ಮೀಡಿಯಂ ಅಂತೆ. ರಷ್ಯನ್ ಕಲಿಯಲೇಬೇಕಾ ಸರ್?"

ಕಲಿಯಲೇಬೇಕು. ಅದೂ ನಿಧಾನವಾಗಿ ಅಲ್ಲ, ಮೊದಲ ವರ್ಷದಲ್ಲೇ, ಗಟ್ಟಿಯಾಗಿ. ಇಂಗ್ಲಿಷ್ ಮೀಡಿಯಂ ಎನ್ನುವುದು ತರಗತಿಯ ನಾಲ್ಕು ಗೋಡೆಗಳ ಒಳಗಿನ ಮಾತು. ಹಾಸ್ಟೆಲ್ಲಿನ ಬಾಗಿಲಲ್ಲಿ ಕೂತ ಕಾವಲಿನ ಅಜ್ಜಿ, ಡೀನ್ ಕಚೇರಿಯ ಗುಮಾಸ್ತೆ, ಔಷಧಿ ಅಂಗಡಿಯವಳು ಯಾರೂ ಆ ಕರಾರಿಗೆ ಸಹಿ ಹಾಕಿಲ್ಲ.

ಮೆಡಿಕಲ್ ಓದುವವರ ವಿಷಯ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಬಂದು ಕೇಳುವವರಲ್ಲಿ ಹೆಚ್ಚಿನವರು ಅವರೇ. ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದ ಪ್ರಕಾರ ಹೊರದೇಶದ ಕೋರ್ಸು ಕನಿಷ್ಠ 54 ತಿಂಗಳು ಇರಬೇಕು, ಪಾಠ ಇಂಗ್ಲಿಷಿನಲ್ಲಿ ಇರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಬೇಕು. ಆಮೇಲೆ ಊರಿಗೆ ಹೋಗಿ ಇನ್ನೂ 12 ತಿಂಗಳು. ಕೆಲವು ಕಡೆ ಮೊದಲ ಮೂರು ವರ್ಷ ಇಂಗ್ಲಿಷ್, ಆಮೇಲೆ ರಷ್ಯನ್ ಎಂಬ ಏರ್ಪಾಡು ಇದೆ. ಏಜೆಂಟರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆರೂ ವರ್ಷ ಇಂಗ್ಲಿಷಿನಲ್ಲೇ ಎಂದು ವಿಶ್ವವಿದ್ಯಾಲಯದಿಂದಲೇ ಬರಹದಲ್ಲಿ ತರಿಸಿಕೊಳ್ಳಿ.

ಹಾಗೆ ಬರೆಸಿಕೊಂಡ ಮೇಲೂ ರೋಗಿ ರಷ್ಯನ್ನಲ್ಲೇ ಮಾತಾಡುತ್ತಾನಲ್ಲ! ಮೂರನೇ ವರ್ಷ ವಾರ್ಡಿಗೆ ಇಳಿದಾಗ ಇದು ಮುಖಕ್ಕೆ ಹೊಡೆದ ಹಾಗೆ ಗೊತ್ತಾಗುತ್ತದೆ. "ನಾ ಷ್ತೊ ಝಾಲುಯೆತೆಸ್?", ಅಂದರೆ ಏನು ತೊಂದರೆ ಎಂದು ಕೇಳುವುದನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಹಾಸಿಗೆಯ ಮೇಲಿನ ಅಜ್ಜಿ ಉತ್ತರ ಶುರು ಮಾಡಿದಾಗ ಫಜೀತಿ. ಆಕೆ ಬರೀ 'ನೋವು' ಎನ್ನುವುದಿಲ್ಲ. ಒಳಗೊಳಗೇ ಎಡೆಬಿಡದೆ ನೋಯುವುದಕ್ಕೆ 'ನೋಯೆತ್', ಚುಚ್ಚುವುದಕ್ಕೆ 'ಕೋಲೆತ್', ಉರಿಯುವುದಕ್ಕೆ 'ಝ್ಝೋತ್'. ನಡುವೆ ಬಿ.ಪಿ. ಬಗ್ಗೆ ಒಂದಿಷ್ಟು, ಸೊಸೆಯ ಬಗ್ಗೆ ಒಂದಿಷ್ಟು. ಎದೆಯಲ್ಲಿ ಚುಚ್ಚುತ್ತದೋ ಉರಿಯುತ್ತದೋ ಎಂಬುದು ತಿಳಿಯದ ವಿದ್ಯಾರ್ಥಿ ಗೆಳೆಯನ ಬೆನ್ನ ಹಿಂದೆ ನಿಂತು ಅವನ ಕೇಸ್ ಶೀಟ್ ನಕಲು ಮಾಡಿಕೊಳ್ಳುತ್ತಾನೆ. ಹೀಗೇ ಮೂರು ವರ್ಷ ದೂಡಿದವರೂ ಇದ್ದಾರೆ. ಪದವಿ ಕೈಗೆ ಬರುತ್ತದೆ, ರೋಗಿಯ ಜೊತೆ ಮಾತಾಡಿ ಬರುವ ತಿಳಿವಳಿಕೆ ಬರುವುದಿಲ್ಲ.

ಮೆಡಿಕಲ್ ಅಲ್ಲದೆ ಎಂಜಿನಿಯರಿಂಗ್, ಗಣಿತ, ಭೌತಶಾಸ್ತ್ರ, ಸಂಗೀತ ಏನೇ ಆಗಲಿ, ಒಳ್ಳೆಯ ವಿಭಾಗಗಳ ಬಹುಪಾಲು ಪಾಠ ರಷ್ಯನ್ನಲ್ಲೇ. ಅದಕ್ಕೆ ದಾರಿ ಸಿದ್ಧತಾ ವರ್ಷ. ಇಲ್ಲಿಯವರ ಬಾಯಲ್ಲಿ ಅದು 'ಪೊದ್‌ಫಾಕ್'. ಸಣ್ಣ ಸಣ್ಣ ಗುಂಪುಗಳು, ವಾರಕ್ಕೆ 20ಕ್ಕೂ ಹೆಚ್ಚು ಗಂಟೆ ಭಾಷೆ; ಅರ್ಧ ವರ್ಷ ಕಳೆದ ಮೇಲೆ ಮುಂದೆ ಓದುವ ವಿಷಯವೂ ರಷ್ಯನ್ನಲ್ಲಿ ಶುರು. ಡಾಕ್ಟರಾಗುವವರಿಗೆ ರಸಾಯನ, ಜೀವಶಾಸ್ತ್ರ. ಎಂಜಿನಿಯರರಿಗೆ ಗಣಿತ, ಭೌತ. ಕೊನೆಗೆ ಟಿಆರ್‌ಕೆಐ ಎಂಬ ಭಾಷಾ ಪರೀಕ್ಷೆಯ ಮೊದಲ ಹಂತ, ಯುರೋಪಿನ ಲೆಕ್ಕದಲ್ಲಿ ಬಿ1. ಸುಮಾರು 2,300 ಪದಗಳ ಸಂಪತ್ತು ಬೇಕು. ವ್ಯಾಕರಣ, ಓದು, ಆಲಿಸುವುದು, ಬರಹ, ಮಾತು ಎಂದು ಐದು ಭಾಗ, ಪಾಸಾಗಲು ಶೇ. 66.

"ಒಂದು ವರ್ಷ ಹಾಳಲ್ಲವೇ?" ಎಂದು ತಂದೆ-ತಾಯಿ ಕೇಳುತ್ತಾರೆ. ಹಾಳಲ್ಲ. ಹೊರದೇಶದ ಪ್ರವೇಶಕ್ಕೆ ನೀಟ್ ಫಲಿತಾಂಶ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ, ಹಾಗಾಗಿ ಮೊದಲು ಭಾಷೆ ಕಲಿತು ಆಮೇಲೆ ಸೇರಲು ಅವಕಾಶವಿದೆ. ರಷ್ಯಾ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಬರುವವರಿಗೆ ಈ ವರ್ಷದ ಪಾಠವೂ ಉಚಿತ. ಅದರ ಬಗ್ಗೆ ಊರಿನಲ್ಲಿರುವ ತಮ್ಮ-ತಂಗಿಯರು ಚೆನ್ನೈನ ರಷ್ಯನ್ ಹೌಸ್‌ನಲ್ಲಿ ವಿಚಾರಿಸಬಹುದು. ಆದರೆ ಸೆಪ್ಟೆಂಬರಿನಲ್ಲೇ ಬಂದು ಕೂರಬೇಕು. ವೀಸಾ ತಡವಾಗಿ ಡಿಸೆಂಬರಿನಲ್ಲಿ ಇಳಿದವರಿಗೆ ವ್ಯಾಕರಣದ ಅಡಿಪಾಯವೇ ತಪ್ಪಿಹೋಗಿರುತ್ತದೆ.

ಇನ್ನು ಭಾಷೆ. ನನ್ನ ಸಲಹೆ ಇಷ್ಟೇ: ಇಂಗ್ಲಿಷಿನಿಂದ ರಷ್ಯನ್‌ಗೆ ಹೋಗಬೇಡಿ, ಕನ್ನಡದಿಂದ ಹೋಗಿ. ಇಂಗ್ಲಿಷ್ ಬಲ್ಲವರು ಆರು ವಿಭಕ್ತಿ ಎಂದೊಡನೆ ಬೆಚ್ಚಿಬೀಳುತ್ತಾರೆ. ನಾವು ವಿಭಕ್ತಿ ಪ್ರತ್ಯಯ ಹಚ್ಚಿಕೊಂಡೇ ಮಾತು ಕಲಿತವರು. ನಮಗೆ 'ನನಗೆ ಚಳಿ', ಅವರಿಗೂ 'ಮ್ನೇ ಖೋಲದ್ನ', ಅಲ್ಲೂ ಚತುರ್ಥಿಯೇ. 'ನನ್ನ ಹತ್ತಿರ ಪುಸ್ತಕ ಇದೆ' ಎನ್ನುವುದನ್ನು ಅವರೂ ಹಾಗೆಯೇ ಕಟ್ಟುತ್ತಾರೆ. 'ನಾನು ವಿದ್ಯಾರ್ಥಿ' ಎನ್ನಲು ನಮ್ಮಂತೆಯೇ ಎರಡು ಪದ ಸಾಕು. ನೀನು-ನೀವು ವ್ಯತ್ಯಾಸವೂ ಇದೆ: ಗೆಳೆಯನಿಗೆ 'ತಿ', ಮೇಷ್ಟರಿಗೆ 'ವಿ'. ಮೇಷ್ಟರನ್ನು ಸರ್, ಮೇಡಂ ಎಂದರೆ ನಡೆಯದು. ಅವರ ಹೆಸರು, ಜೊತೆಗೆ ಅವರ ತಂದೆಯ ಹೆಸರಿನಿಂದ ಆದ ಪದ, ಎರಡನ್ನೂ ಸೇರಿಸಿ ಕರೆಯಬೇಕು. ಮೊದಲ ದಿನವೇ ಬರೆದುಕೊಂಡು ಅಭ್ಯಾಸ ಮಾಡಲಿ; ಅದರಿಂದ ಸಿಗುವ ಒಳ್ಳೆಯ ಅಭಿಪ್ರಾಯ ಪರೀಕ್ಷೆಯ ದಿನವೂ ನೆನಪಿನಲ್ಲಿರುತ್ತದೆ.

ಕಷ್ಟ ಬೇರೆ ಕಡೆ ಇದೆ. ಮೇಜು ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಕಿಟಕಿ ನಪುಂಸಕ. ಜೀವವಿಲ್ಲದ್ದೆಲ್ಲ ನಮಗೆ 'ಅದು' ಆದ್ದರಿಂದ ಇದು ತಲೆಗೆ ಹತ್ತುವುದು ನಿಧಾನ. ನಡೆದು ಹೋಗುವುದಕ್ಕೆ ಒಂದು ಕ್ರಿಯಾಪದ, ಗಾಡಿಯಲ್ಲಿ ಹೋಗುವುದಕ್ಕೆ ಇನ್ನೊಂದು. ಬರೆದಂತೆ ಓದುವ ನಮ್ಮ ಅಭ್ಯಾಸವೂ ಕೈಕೊಡುತ್ತದೆ: ಹಾಲಿಗೆ 'ಮೊಲೊಕೊ' ಎಂದು ಬರೆದು 'ಮಲಕೋ' ಎನ್ನುತ್ತಾರೆ. ಒತ್ತು ಎಲ್ಲಿ ಬೀಳುತ್ತದೆ ಎಂಬುದನ್ನು ಸಾಮಾನ್ಯ ಪುಸ್ತಕಗಳು ಗುರುತು ಹಾಕಿ ತೋರಿಸುವುದಿಲ್ಲ, ಕಿವಿಯೇ ಗತಿ. ಮೂವತ್ಮೂರು ಅಕ್ಷರ ವಾರದಲ್ಲಿ ಬರುತ್ತವೆ. ಕೂಡುಬರಹ ಮಾತ್ರ ಬೇರೆಯೇ ಸಂಗತಿ. ಅದರಲ್ಲಿ 'ತ' ಇಂಗ್ಲಿಷಿನ ಎಂ ಹಾಗೆ, 'ದ' ಜಿ ಹಾಗೆ ಕಾಣುತ್ತದೆ. ಬೋರ್ಡಿನ ಮೇಲೆ ಮೇಷ್ಟರು ಬರೆಯುವುದು ಈ ಲಿಪಿಯಲ್ಲೇ. ಆದ್ದರಿಂದ ಕಾಪಿ ಬರೆಯುವುದನ್ನು ನಾಚಿಕೆಯಿಲ್ಲದೆ ಶುರು ಮಾಡಲಿ.

ಕಿವಿಗೆ ಪುಕ್ಕಟೆ ಪಾಠ ಬೇಕೆಂದರೆ ಮಾಸ್ಕೋ ಮೆಟ್ರೋ ಇದೆ. ಕೇಂದ್ರದ ಕಡೆ ಹೋಗುವ ರೈಲಿನಲ್ಲಿ ಗಂಡು ದನಿ, ಹೊರಗೆ ಹೋಗುವುದರಲ್ಲಿ ಹೆಣ್ಣು ದನಿ. ಬಾಗಿಲು ಮುಚ್ಚುವ ಎಚ್ಚರಿಕೆ, ಮುಂದಿನ ನಿಲ್ದಾಣ, ಬದಲಾಯಿಸುವ ಮಾರ್ಗ ಎಲ್ಲವೂ ದಿನವೂ ಅದೇ ಮಾತಿನಲ್ಲಿ. ಪುಸ್ತಕದಲ್ಲಿ 'ದರೋಗ ವ್ ರಸ್ಸೀಯು' ಸರಣಿ ಸಾಕಷ್ಟು ಕಡೆ ಬಳಕೆಯಲ್ಲಿದೆ. 1966ರಲ್ಲಿ ಆರಂಭವಾದ ಪುಷ್ಕಿನ್ ಸಂಸ್ಥೆ ಅಂತರ್ಜಾಲದಲ್ಲಿ ಉಚಿತ ಪಾಠ ಕೊಡುತ್ತದೆ. ನಮ್ಮ ಮಕ್ಕಳ ದೊಡ್ಡ ಶತ್ರು ಅವರ ಹಾಸ್ಟೆಲ್ ಕೋಣೆ. ನಾಲ್ವರೂ ಕನ್ನಡದವರೋ ಹಿಂದಿಯವರೋ ಆದರೆ ಊಟ ರುಚಿಯಾಗಿರುತ್ತದೆ, ರಷ್ಯನ್ ಹತ್ತುವುದಿಲ್ಲ. ಒಬ್ಬನಾದರೂ ಬೇರೆ ದೇಶದವನಿರುವ ಕೋಣೆ ಕೇಳಿ ಪಡೆಯಲಿ. ಬೇರೆಯವರ ಜೊತೆ ಬೆರೆತು ಭಾಷೆ ಕಲಿಯುವುದು ಹೊಸದೇನಲ್ಲ. ತ್ವೇರ್ ನಗರದಲ್ಲಿ ಓದುವವರು ವೋಲ್ಗಾ ದಂಡೆಯ ಅಫನಾಸಿ ನಿಕಿತಿನ್ ಪ್ರತಿಮೆ ನೋಡಿರುತ್ತೀರಿ. 15ನೇ ಶತಮಾನದಲ್ಲಿ ನಮ್ಮ ಬೀದರ್‌ಗೆ ಬಂದು ಬಹಮನಿ ರಾಜಧಾನಿಯ ಬಗ್ಗೆ ಬರೆದಿಟ್ಟ ವ್ಯಾಪಾರಿ ಆತ. ಅವನ ಬರಹದ ನಡುನಡುವೆ ತುರ್ಕಿ, ಪಾರ್ಸಿ ಮಾತುಗಳು ನುಗ್ಗಿಬರುತ್ತವೆ. ತರಗತಿಯಲ್ಲಿ ಕೂತು ಕಲಿತದ್ದಂತೂ ಅಲ್ಲ.

ಪರೀಕ್ಷೆಯ ರೀತಿಯನ್ನೂ ಮೊದಲೇ ತಿಳಿಸಿ. ಪಿಯುಸಿಯಲ್ಲಿ ಹಾಳೆ ಮೇಲೆ ಹಾಳೆ ತುಂಬಿಸಿದ ಮಕ್ಕಳಿಗೆ ಇಲ್ಲಿ ಬಾಯಿಮಾತಿನ ಪರೀಕ್ಷೆ ಹೊಸದು. ಮೇಜಿನ ಮೇಲೆ ಚೀಟಿಗಳನ್ನು ಮಗುಚಿ ಹರಡಿರುತ್ತಾರೆ. ಒಂದನ್ನು ಎತ್ತಬೇಕು, ಅದರಲ್ಲಿರುವ ಪ್ರಶ್ನೆಗಳಿಗೆ ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ಟಿಪ್ಪಣಿ ಮಾಡಿಕೊಂಡು ಪರೀಕ್ಷಕರ ಎದುರು ಕೂತು ವಿವರಿಸಬೇಕು. ಅವರು ನಡುವೆ ತಡೆದು ಬೇರೆಯದನ್ನೂ ಕೇಳುತ್ತಾರೆ. ಅಂಕ ಐದಕ್ಕೆ: ಐದು ಎಂದರೆ ಉತ್ತಮ, ಮೂರು ಎಂದರೆ ಪಾಸು, ಎರಡು ಎಂದರೆ ಮತ್ತೆ ಬಾ. ಜನವರಿ ಮತ್ತು ಜೂನ್ ಪರೀಕ್ಷೆಯ ಕಾಲ. ಸಂಕ್ರಾಂತಿಗೆ ಊರಿನ ಟಿಕೆಟ್ ತೆಗೆಯುವ ಮೊದಲು ವೇಳಾಪಟ್ಟಿ ನೋಡಿ.

ಕಾಗದಪತ್ರದಲ್ಲಿ ನಮಗೇ ವಿಶೇಷವಾದ ಒಂದು ತೊಡಕಿದೆ, ಹೆಸರು. ಇನಿಷಿಯಲ್ ಇರುವ ಹೆಸರು, ಪಾಸ್‌ಪೋರ್ಟಿನಲ್ಲಿ ಖಾಲಿ ಬಿಟ್ಟ ಸರ್‌ನೇಮ್ ಕಾಲಂ ಇಲ್ಲಿಯ ಅರ್ಜಿಗಳಿಗೆ ಒಗ್ಗುವುದಿಲ್ಲ. ಜೊತೆಗೆ ರಷ್ಯನ್ನಲ್ಲಿ ನಮ್ಮ 'ಹ' ಇಲ್ಲ. ಹರೀಶ ಒಬ್ಬ ಅನುವಾದಕರ ಕೈಯಲ್ಲಿ ಖರೀಶ, ಇನ್ನೊಬ್ಬರ ಕೈಯಲ್ಲಿ ಗರೀಶ. ವೀಸಾದಲ್ಲಿ ರಷ್ಯನ್ ಅಕ್ಷರದಲ್ಲಿ ಹೇಗೆ ಬಂದಿದೆಯೋ ಅದೇ ಕಾಗುಣಿತ ನೋಟರಿ ಅನುವಾದದಲ್ಲೂ ಇರಲಿ, ಎಲ್ಲ ಅರ್ಜಿಯಲ್ಲೂ ಇರಲಿ, ಇಲ್ಲವಾದರೆ ಕೊನೆಗೆ ಪದವಿಪತ್ರದ ಹೊತ್ತಿಗೆ ಒದ್ದಾಟ. ಬಂದ 7 ಕೆಲಸದ ದಿನಗಳೊಳಗೆ ವಾಸದ ನೋಂದಣಿ ಆಗಬೇಕು. ಹಾಸ್ಟೆಲ್ಲಿನವರಿಗೆ ಅದನ್ನು ವಿಶ್ವವಿದ್ಯಾಲಯ ಮಾಡಿಸುತ್ತದೆ; ನಿಮ್ಮ ಜೊತೆ ಬಾಡಿಗೆ ಮನೆಯಲ್ಲಿದ್ದು ಓದುವ ಮಗಳಿಗೆ ಮನೆ ಮಾಲೀಕರೇ ಮಾಡಿಸಬೇಕು, ರಜೆ ಮುಗಿಸಿ ಭಾರತದಿಂದ ವಾಪಸ್ ಬಂದಾಗಲೂ ಮತ್ತೆ ಮಾಡಿಸಬೇಕು. ಭಾರತದ ಬ್ಯಾಂಕಿನ ವೀಸಾ, ಮಾಸ್ಟರ್‌ಕಾರ್ಡ್ 2022ರ ಮಾರ್ಚ್‌ನಿಂದ ಇಲ್ಲಿ ನಡೆಯುವುದಿಲ್ಲ. ಮೊದಲ ತಿಂಗಳ ಖರ್ಚು ಕೈಯಲ್ಲೇ ಇರಲಿ.

ಚಿಕ್ಕ ಮಕ್ಕಳಿರುವವರಿಗೆ ಒಂದು ಮಾತು. 2025ರ ಏಪ್ರಿಲ್‌ನಿಂದ ರಷ್ಯನ್ ಶಾಲೆಗೆ ಸೇರುವ ವಿದೇಶಿ ಮಕ್ಕಳಿಗೆ ಭಾಷಾ ಪರೀಕ್ಷೆ ಕಡ್ಡಾಯ. ಮಾಸ್ಕೋದಲ್ಲಿ ಕೇಂದ್ರೀಯ ವಿದ್ಯಾಲಯ ಇದೆ, ಹೆಚ್ಚಿನವರು ಅಲ್ಲಿಗೇ ಕಳಿಸುತ್ತೇವೆ. ಅಲ್ಲಿ ಓದುವವರೂ ಹನ್ನೆರಡನೇ ತರಗತಿ ಆದ ಮೇಲೆ ಇಲ್ಲಿಯ ವಿಶ್ವವಿದ್ಯಾಲಯ ಎಂದುಕೊಂಡಿದ್ದರೆ ಒಂಬತ್ತನೆಯಲ್ಲೇ ರಷ್ಯನ್ ಹಿಡಿಯಲಿ.

ಪೊದ್‌ಫಾಕ್ ಮುಗಿಸಿದವರ ಮನೆಯಲ್ಲಿ ಹಳೆಯ ಪಠ್ಯ, ನಿಘಂಟು, ಬರೆದ ನೋಟ್ಸು ಸುಮ್ಮನೆ ಬಿದ್ದಿದ್ದರೆ ರಾಜ್ಯೋತ್ಸವದ ದಿನ ಕೂಟಕ್ಕೆ ತಂದುಕೊಡಿ. ಹೊಸದಾಗಿ ಬಂದವರು ಅಂದೇ ಒಯ್ಯಬಹುದು.