ಸೇಡಿನ ನಾಟಕಗಳನ್ನು ಓದಿಸುತ್ತಾ ಕಲಿತದ್ದು

ಎಲಿಜಬೆತ್ ರಾಣಿ, ಜೇಮ್ಸ್ ದೊರೆಯರ ಕಾಲದ ಇಂಗ್ಲಿಷ್ ಸೇಡಿನ ದುರಂತಗಳನ್ನು ಎಂ.ಎ. ತರಗತಿಗಳಲ್ಲಿ ಓದಿಸುತ್ತಾ ಬಂದಿದ್ದೇನೆ. ಆಗೀಗ ವಿದ್ಯಾರ್ಥಿಗಳಿಂದ ದೃಶ್ಯಗಳನ್ನು ಆಡಿಸಿದ್ದೂ ಉಂಟು. ಹೊಸದಾಗಿ ಈ ಪಾಠ ಕೈಗೆತ್ತಿಕೊಳ್ಳುವವರಿಗೆ ನಾನು ಹೇಳುವುದು ಇಷ್ಟು.

1. ಲಕ್ಷಣಗಳ ಪಟ್ಟಿಯಿಂದ ಶುರು ಮಾಡಬೇಡಿ. ದೆವ್ವ, ಹುಚ್ಚು, ನಾಟಕದೊಳಗೊಂದು ನಾಟಕ, ವಿಳಂಬ, ಕೊನೆಗೆ ಹೆಣಗಳ ರಾಶಿ: ಗೈಡುಗಳಲ್ಲಿ ಇದೆಲ್ಲ ಸಿಗುತ್ತದೆ. ಪರೀಕ್ಷೆಗೆ ಸಾಕು, ನಾಟಕಕ್ಕೆ ಸಾಲದು. ಅನ್ಯಾಯಕ್ಕೊಳಗಾದವನು ನ್ಯಾಯ ಕೇಳಲು ಯಾರ ಬಳಿ ಹೋಗಬೇಕು ಎಂದು ಮೊದಲು ಕೇಳಿ. ಕೊಲೆಗಾರ ಹೆಚ್ಚಾಗಿ ಸಿಂಹಾಸನದ ಮೇಲೋ ಅದರ ಮಗ್ಗುಲಲ್ಲೋ ಇರುತ್ತಾನೆ. ಉಳಿದ ಲಕ್ಷಣಗಳು ಹುಟ್ಟುವುದು ಈ ಇಕ್ಕಟ್ಟಿನಿಂದಲೇ.

2. ವಿಳಂಬವನ್ನು ಹೇಡಿತನವೆಂದು ಬಗೆಯಬೇಡಿ. ಇದಕ್ಕೆ ಥಾಮಸ್ ಕಿಡ್‌ನ ‘ದಿ ಸ್ಪ್ಯಾನಿಷ್ ಟ್ರ್ಯಾಜಿಡಿ’ಗಿಂತ ಒಳ್ಳೆಯ ಪಾಠವಿಲ್ಲ. 1592ರಲ್ಲಿ ಲಂಡನ್ನಿನ ರೋಸ್ ರಂಗಮಂದಿರದಲ್ಲಿ ಅದನ್ನು ಆಡಿದ್ದಕ್ಕೆ ದಾಖಲೆಯಿದೆ. ಅದರ ನಾಯಕ ಹಿಯೆರೊನಿಮೊ ತಾನೇ ನ್ಯಾಯಾಧಿಕಾರಿ. ಊರಿನವರ ದಾವೆಗಳನ್ನು ನಡೆಸಿಕೊಡುವವನು. ಮಗನನ್ನು ತೋಟದಲ್ಲೇ ನೇಣಿಗೆ ಹಾಕಿದವರ ಹೆಸರು ರಕ್ತದಲ್ಲಿ ಬರೆದ ಕಾಗದದಲ್ಲಿ ಬರುತ್ತದೆ. ಅವನು ಒಡನೆ ನಂಬುವುದಿಲ್ಲ. ಇದು ಬಲೆಯಿರಬಹುದೆಂದು ಇನ್ನೊಂದು ಪುರಾವೆಗಾಗಿ ಕಾಯುತ್ತಾನೆ. ಅದೂ ಸಿಕ್ಕ ಮೇಲೆ ದೊರೆಯ ಮುಂದೆ ಮೊರೆಯಿಡಲು ಹೋದರೆ, ಕೊಲೆಗಾರ ಲೊರೆಂಜೊ ಅಡ್ಡ ನಿಲ್ಲುತ್ತಾನೆ. ಅವನು ದೊರೆಯ ಸೋದರನ ಮಗ.

ಮೂರನೆಯ ಅಂಕದ ಒಂದು ದೃಶ್ಯವನ್ನಂತೂ ತರಗತಿಯಲ್ಲಿ ನಿಧಾನವಾಗಿ ಓದಿಸಲೇಬೇಕು. ಕೊಲೆಯಾದ ಮಗನಿಗೆ ನ್ಯಾಯ ಬೇಡುತ್ತಾ ಬಜುಲ್ಟೊ ಎಂಬ ಮುದುಕ ಬರುತ್ತಾನೆ. ಅವನು ಕಣ್ಣೀರು ಒರೆಸಿಕೊಳ್ಳಲೆಂದು ಹಿಯೆರೊನಿಮೊ ಕರವಸ್ತ್ರ ತೆಗೆದರೆ, ಕೈಗೆ ಬರುವುದು ತನ್ನ ಮಗನ ನೆತ್ತರು ಮೆತ್ತಿದ ಬಟ್ಟೆ. ಆಮೇಲೆ ಅವನು ಜನರ ಅರ್ಜಿಗಳನ್ನೆಲ್ಲ ಹಲ್ಲಿನಿಂದ ಸೀಳಿ ಹಾಕುತ್ತಾನೆ. ಕಾನೂನಿನ ಕಾಗದವನ್ನು ಕಾನೂನಿನ ಅಧಿಕಾರಿಯೇ ಹರಿಯುತ್ತಾನೆ! ಹುಚ್ಚು ಎಂಬ ಲಕ್ಷಣ ಇಲ್ಲಿ ಅಲಂಕಾರವಲ್ಲ. ನ್ಯಾಯದ ಬಾಗಿಲುಗಳೆಲ್ಲ ಮುಚ್ಚಿದವನಿಗೆ ಉಳಿದ ಸ್ಥಿತಿ ಅದೊಂದೇ.

3. ದೆವ್ವ ಏನು ಹೇಳುತ್ತದೆ, ಯಾರಿಗೆ ಹೇಳುತ್ತದೆ ಎಂದು ಗಮನಿಸಿ. ದೆವ್ವದ ಮೂಲ ರೋಮಿನ ಸೆನೆಕಾ; ಅವನ ‘ಥೈಯೆಸ್ಟಿಸ್’ ಶುರುವಾಗುವುದೇ ಟ್ಯಾಂಟಲಸ್‌ನ ಪ್ರೇತದಿಂದ. ಜಾಸ್ಪರ್ ಹೇವುಡ್ 1560ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. ಕಿಡ್‌ನ ನಾಟಕದಲ್ಲಿ ಆಂಡ್ರಿಯಾನ ಪ್ರೇತ ಕೂತು ನೋಡುತ್ತದೆಯೇ ಹೊರತು ಹಿಯೆರೊನಿಮೊಗೆ ಒಂದು ಮಾತೂ ಹೇಳುವುದಿಲ್ಲ. ಹ್ಯಾಮ್ಲೆಟ್‌ನ ತಂದೆಯಾದರೋ ಮಗನಿಗೇ ಆಜ್ಞೆ ಮಾಡುತ್ತಾನೆ. 1611ರಲ್ಲಿ ಅಚ್ಚಾದ ಸಿರಿಲ್ ಟೂರ್ನರ್‌ನ ‘ದಿ ಎಥೀಯಿಸ್ಟ್ಸ್ ಟ್ರ್ಯಾಜಿಡಿ’ಯಲ್ಲಿ ತಂದೆಯ ಪ್ರೇತ ಬಂದು, ಸೇಡನ್ನು ದೇವರಿಗೆ ಬಿಡು ಎನ್ನುತ್ತದೆ! ಪ್ರೇಕ್ಷಕರಿಗೆ ಹಳೆಯ ರೂಢಿ ಚೆನ್ನಾಗಿ ಗೊತ್ತಿದ್ದದ್ದರಿಂದಲೇ ಈ ತಿರುವಿಗೆ ಬಲ.

4. ವಸ್ತುಗಳನ್ನು ಕೈಗೆ ಕೊಡಿ. 1607ರಲ್ಲಿ ಅಚ್ಚಾದ ‘ದಿ ರಿವೆಂಜರ್ಸ್ ಟ್ರ್ಯಾಜಿಡಿ’ಯನ್ನು ಈಗ ಹೆಚ್ಚಿನ ವಿದ್ವಾಂಸರು ಥಾಮಸ್ ಮಿಡಲ್‌ಟನ್ ಬರೆದದ್ದೆನ್ನುತ್ತಾರೆ. ಅದರಲ್ಲಿ ವಿಂಡೀಚೆ, ಡ್ಯೂಕನು ವಿಷ ಹಾಕಿಸಿ ಕೊಂದ ತನ್ನ ಪ್ರೇಯಸಿಯ ತಲೆಬುರುಡೆಗೆ ಹೆಣ್ಣಿನ ವೇಷ ತೊಡಿಸಿ, ಬಾಯಿಗೆ ವಿಷ ಸವರಿ, ಅದೇ ಡ್ಯೂಕ್ ಅದನ್ನು ಮುದ್ದಿಡುವಂತೆ ಮಾಡುತ್ತಾನೆ. ಆಡಿಸುವಾಗ ಹುಡುಗರು ನಗುತ್ತಾರೆ. ತಡೆಯಬೇಡಿ. ನಗುವನ್ನೂ ಭೀತಿಯನ್ನೂ ಒಂದೇ ಉಸಿರಿನಲ್ಲಿ ಬೇಡುವ ದೃಶ್ಯವದು.

5. ಸೇಡು ತೀರಿಸಿಕೊಂಡವನ ಗತಿಯನ್ನು ಕೊನೆಗೆ ಚರ್ಚಿಸಿ. ಸಾಮಾನ್ಯವಾಗಿ ಅವನು ಸಾಯಲೇಬೇಕು. ಮಾರ್ಸ್ಟನ್ನನ ‘ಆಂಟೋನಿಯೋಸ್ ರಿವೆಂಜ್’ನಲ್ಲಿ ಮಾತ್ರ ಸೆನೆಟರುಗಳು ಕೊಂದವರನ್ನು ಹೊಗಳುತ್ತಾರೆ, ಅವರೇ ಮಠ ಸೇರುವುದನ್ನು ಆರಿಸಿಕೊಳ್ಳುತ್ತಾರೆ. ವಿಂಡೀಚೆಗೆ ಆ ಭಾಗ್ಯವಿಲ್ಲ. ಹಳೆಯ ಡ್ಯೂಕನನ್ನು ಕೊಂದವನು ನಾನೇ ಎಂದು ಅವನು ಹೊಸ ದೊರೆ ಆಂಟೋನಿಯೊ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಆಂಟೋನಿಯೊನ ಹೆಂಡತಿಯನ್ನು ಕೆಡಿಸಿದವನು ಆ ಡ್ಯೂಕನ ಮಲಮಗ. ಆ ಮನೆತನ ಅಳಿದದ್ದರಿಂದಲೇ ಅವನಿಗೆ ಪಟ್ಟ ಸಿಕ್ಕಿದ್ದು. ಆದರೂ ವಿಂಡೀಚೆಗೆ ಅವನು ಕೊಡುವುದು ಮರಣದಂಡನೆ: ಅವನನ್ನು ಕೊಂದವನು ನಾಳೆ ನನ್ನನ್ನೂ ಕೊಂದಾನು ಎಂಬುದೇ ಅವನ ಕಾರಣ.