ಜೀಪಿನ ಕುಂಯ್‌ಗುಟ್ಟುವ ಸದ್ದು: ಮೂಲ ಕಂಡುಹಿಡಿಯುವ ಬಗೆ

ಮಳೆಗಾಲ ಮುಗಿದು ಅಡಿಕೆ ಕೊಯ್ಲು, ಕಾಫಿ ಕೊಯ್ಲು ಒಂದರ ಹಿಂದೊಂದು ಬರುವ ಹೊತ್ತಿಗೆ ನಮ್ಮ ಬೆಳೆಗಾರರ ಜೀಪುಗಳಿಗೆ ಬಿಡುವಿರುವುದಿಲ್ಲ. ಆಳುಗಳನ್ನು ಕರೆತರಬೇಕು, ಗೊಬ್ಬರ ಹೇರಬೇಕು, ಮಾಲನ್ನು ಮಂಡಿಗೆ ಮುಟ್ಟಿಸಬೇಕು. ಇಂತಹ ಸಮಯದಲ್ಲಿ ವೇಗ ಹೆಚ್ಚಿದಂತೆ ಹೆಚ್ಚುವ ‘ಕುಂಯ್’ ಎಂಬ ಸದ್ದು ಕೇಳತೊಡಗಿದರೆ ಎರಡು ಬಗೆಯ ನಷ್ಟ ಸಾಧ್ಯ. ಅಲಕ್ಷ್ಯ ಮಾಡಿದರೆ ಚಕ್ರದ ಬೇರಿಂಗು ಘಾಟಿಯ ಮಧ್ಯೆ ಒಡೆಯಬಹುದು. ಹೆದರಿ ಹಾಗೆಯೇ ಗ್ಯಾರೇಜಿಗೆ ಒಪ್ಪಿಸಿದರೆ, ಬರೀ ಟೈರಿನ ಸದ್ದಿಗೆ ಕ್ರೌನ್ ಪಿನಿಯನ್ ಬದಲಾಯಿಸಿದ ಖರ್ಚು ತಲೆಯ ಮೇಲೆ ಬೀಳಬಹುದು. ಆದುದರಿಂದ ಸದ್ದು ಎಂಜಿನ್ನನ್ನು ಅನುಸರಿಸುತ್ತದೆಯೋ, ಗೇರನ್ನೋ, ಚಕ್ರವನ್ನೋ ಎಂಬುದನ್ನು ಮೊದಲು ತಿಳಿಯಬೇಕು.

ವಾಹನವನ್ನು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ವೇಗವನ್ನು ಏರಿಸಿ. ಅದೇ ಸದ್ದು ಬಂದರೆ ಚಕ್ರದ ಕಡೆ ಹುಡುಕುವ ಅಗತ್ಯವಿಲ್ಲ. ಫ್ಯಾನ್ ಬೆಲ್ಟು, ಆಲ್ಟರ್ನೇಟರ್, ನೀರಿನ ಪಂಪುಗಳನ್ನು ನೋಡಿಸಿ. ಕ್ಲಚ್ ತುಳಿದೊಡನೆ ಸದ್ದು ನಿಂತರೆ ಗೇರ್‌ಬಾಕ್ಸಿನೊಳಗಿನ ಬೇರಿಂಗಿನ ಮೇಲೆ ಸಂಶಯ ಪಡಬೇಕು. ತುಳಿದಾಗಲೇ ಹುಟ್ಟಿದರೆ ಕ್ಲಚ್ ಬೇರಿಂಗು.

ನಿಂತಾಗ ಸದ್ದಿಲ್ಲದಿದ್ದರೆ ಸಮತಟ್ಟಾದ, ಜನಸಂಚಾರವಿಲ್ಲದ ನೇರ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗಕ್ಕೆ ಬಂದು, ಕ್ಲಚ್ ತುಳಿದು ವಾಹನವನ್ನು ಅದರಷ್ಟಕ್ಕೆ ಉರುಳಲು ಬಿಡಿ. ಈ ಪರೀಕ್ಷೆಯನ್ನು ಘಾಟಿಯ ಇಳಿಜಾರಿನಲ್ಲಿ ಎಂದಿಗೂ ಮಾಡಬಾರದು. ಎಂಜಿನ್ನಿನ ಹಿಡಿತ ತಪ್ಪಿದರೆ ಬ್ರೇಕೊಂದೇ ಗತಿ. ಉರುಳುವಾಗಲೂ ಸದ್ದು ಹಾಗೆಯೇ ಇದ್ದರೆ ಅದು ಟೈರು ಅಥವಾ ಚಕ್ರದ ಬೇರಿಂಗಿನದಾಗಿರುವ ಸಂಭವ ಹೆಚ್ಚು.

ಕೆಸರಿಗೆಂದು ಹಾಕಿಸುವ ದಪ್ಪ ಗುಬ್ಬಿಯ ಟೈರುಗಳು ಟಾರು ರಸ್ತೆಯಲ್ಲಿ ಕೂಗುವುದು ಸಹಜ. ಶಿರಾಡಿ ಘಾಟಿಯ ಕಾಂಕ್ರೀಟಿನ ಮೇಲೆ ಒಂದು ರಾಗ, ಟಾರಿನ ಮೇಲೆ ಇನ್ನೊಂದು ರಾಗ ಬಂದರೆ ಟೈರೇ ಕಾರಣ. ಮುಂದಿನ ಟೈರುಗಳನ್ನು ಹಿಂದಕ್ಕೆ ಹಾಕಿಸಿದಾಗ ಸದ್ದೂ ಜಾಗ ಬದಲಿಸಿದರೆ ಸಂಶಯ ಉಳಿಯದು. ಕೆಸರಿನಲ್ಲಿ ಹಾಕಿದ ಫೋರ್‌ವೀಲನ್ನು ಟಾರು ರಸ್ತೆಗೆ ಬಂದ ಮೇಲೂ ತೆಗೆಯದೆ ಓಡಿಸುವವರಿದ್ದಾರೆ. ಅದೂ ಸದ್ದು ಮಾಡುತ್ತದೆ, ಟೈರನ್ನೂ ತಿನ್ನುತ್ತದೆ.

ಬೇರಿಂಗಿನ ಸದ್ದು ರಸ್ತೆ ಬದಲಾದರೂ ಬದಲಾಗದು, ತಿರುವಿನಲ್ಲಿ ಬದಲಾಗುತ್ತದೆ. ಬಲಕ್ಕೆ ತಿರುಗುವಾಗ ಭಾರ ಎಡಗಡೆಯ ಚಕ್ರಗಳ ಮೇಲೆ ಬೀಳುವುದರಿಂದ, ಆಗ ಸದ್ದು ಜೋರಾದರೆ ಎಡಗಡೆಯದನ್ನು ನೋಡಬೇಕು. ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಟೈರನ್ನು ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ. ಗಡಗಡ ಎಂದು ಆಡಿದರೆ, ಅಥವಾ ಕೈಯಿಂದ ತಿರುಗಿಸುವಾಗ ಒಳಗೆ ಮರಳು ಸಿಕ್ಕಂತೆ ಒರಟಾದರೆ, ಆ ವಾಹನದಲ್ಲಿ ಆಳುಗಳನ್ನು ಕೂರಿಸಬೇಡಿ. ರಿಪೇರಿಯಾಗುವ ತನಕ ಘಾಟಿ ಇಳಿಸಲೂ ಬೇಡಿ.

ಆಕ್ಸಿಲರೇಟರ್ ಒತ್ತಿದಾಗ ಕೂಗಿ, ಬಿಟ್ಟೊಡನೆ ಅಡಗುವ ಸದ್ದು ಸಾಮಾನ್ಯವಾಗಿ ಹಿಂದಿನ ಹೌಸಿಂಗಿನದು. ಆದರೆ ಗೇರ್‌ಬಾಕ್ಸೂ ಹಾಗೆಯೇ ಕೂಗಬಲ್ಲದು. ನಾಲ್ಕು ಗೇರಿನ ಹಳೆಯ ಜೀಪುಗಳಲ್ಲಿ ನಾಲ್ಕನೆಯದು ನೇರ ಗೇರು. ಕೆಳಗಿನ ಗೇರುಗಳಲ್ಲಿ ಕೂಗಿ ನಾಲ್ಕರಲ್ಲಿ ತಗ್ಗಿದರೆ ಗೇರ್‌ಬಾಕ್ಸ್. ಎಲ್ಲ ಗೇರಿನಲ್ಲೂ ಒಂದೇ ವೇಗಕ್ಕೆ ಒಂದೇ ಸದ್ದಾದರೆ ಹೌಸಿಂಗ್. ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳಿಗೆ ಈ ಲೆಕ್ಕ ಹೊಂದದು.

ಹೌಸಿಂಗ್ ಬಿಚ್ಚಿಸುವ ಮೊದಲು ಎಣ್ಣೆ ನೋಡಿ. ಮಟ್ಟನೆಯ ಜಾಗದಲ್ಲಿ ಎಣ್ಣೆ ತುಂಬುವ ಬಿರಡೆ ತೆಗೆದು ಬೆರಳಿಟ್ಟರೆ, ಎಣ್ಣೆ ಸಾಮಾನ್ಯವಾಗಿ ತೂತಿನ ಕೆಳ ಅಂಚಿನವರೆಗೆ ಇರಬೇಕು. ಮಳೆಗಾಲದಲ್ಲಿ ಹಳ್ಳ ದಾಟಿದ ಜೀಪುಗಳಲ್ಲಿ ನೀರು ಸೇರಿ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಪೂರ್ತಿ ಬಸಿದು, ಕಂಪನಿಯ ಪುಸ್ತಕದಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿಸಿ, ನೀರು ಹೊಕ್ಕ ಸೀಲನ್ನೂ ಬದಲಾಯಿಸಬೇಕು. ಎಣ್ಣೆಯಲ್ಲಿ ಲೋಹದ ಚೂರುಗಳಿದ್ದರೆ ಹಲ್ಲು ಸವೆದಿದೆಯೆಂದು ತಿಳಿಯಿರಿ. ಹೊಸ ಎಣ್ಣೆಯಿಂದ ಹಲ್ಲು ಬೆಳೆಯದು. ಮರದ ಹುಡಿ ತುಂಬಿ ಸದ್ದಡಗಿಸಿ ಹಳೇ ಗಾಡಿ ಮಾರುವ ಚಾಳಿ ಹಿಂದಿನಿಂದಲೂ ಉಂಟು, ಕೊಳ್ಳುವವರು ಎಚ್ಚರದಿಂದಿರಬೇಕು. ಕ್ರೌನನ್ನೂ ಪಿನಿಯನ್ನನ್ನೂ ಜೋಡಿಯಾಗಿಯೇ ಹಾಕಿಸಬೇಕು. ಒಂದನ್ನು ಮಾತ್ರ ಬದಲಿಸುವುದು ದಂಡ.

ಮೇಸ್ತ್ರಿಯ ಬಳಿಗೆ ಹೋಗುವಾಗ ಎಷ್ಟು ವೇಗದಲ್ಲಿ, ಯಾವ ಗೇರಿನಲ್ಲಿ, ಒತ್ತಿದಾಗಲೋ ಬಿಟ್ಟಾಗಲೋ, ಯಾವ ತಿರುವಿನಲ್ಲಿ ಸದ್ದು ಬರುತ್ತದೆಂದು ಚೀಟಿಯಲ್ಲಿ ಬರೆದೊಯ್ಯಿರಿ. ಬಿಚ್ಚುವ ಮೊದಲು ಆತನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ ಕೇಳಿಸಿರಿ.